ಅಣ್ಣನ ಕೈಗುಣ

ಅಣ್ಣನ ಕೈಗುಣ ದೊಡ್ಡದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಹೇಳಿದವಳು ನಾನೇ. ಗಡಿಯಾರ ರಿಪೇರಿ ಅವನ ಕೆಲಸ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಚಿಕ್ಕ ಅಂಗಡಿ, ಆದರೆ ಬೇರೆಯವರು ಕೈಬಿಟ್ಟ ಗಡಿಯಾರಗಳೂ ಅಲ್ಲಿ ನಡೆಯತೊಡಗುತ್ತವೆ. ಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಾಗಿಲ ಬೀಗ, ಯಾವುದು ಮುನಿಸಿಕೊಂಡರೂ ಅಣ್ಣ ಮುಟ್ಟಿದರೆ ಸರಿಹೋಗುತ್ತದೆ. ನನ್ನ ಕಂಪ್ಯೂಟರಂತೂ ಎರಡು ಸಲ ಸತ್ತು ಅವನ ಕೈಯಲ್ಲಿ ಬದುಕಿತ್ತು. ಎರಡು ಸಲವೂ ಅವನಿಗೆ ಟೀ ಮಾಡಿಕೊಟ್ಟು, ಅತ್ತಿಗೆಯ ಎದುರು ಬಾಯ್ತುಂಬ ಹೊಗಳಿದ್ದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮೂರನೇ ಸಲ ಅದು ಸತ್ತದ್ದು ನನ್ನ ಪರೀಕ್ಷೆಯ ದಿನ. ಬೇರೆ ಊರಿನ ಒಂದು ಪ್ರಕಾಶನದವರಿಗೆ ಕರಡು ತಿದ್ದುವವರು ಬೇಕಾಗಿದ್ದರು. ಸಂಬಳದ ಜೊತೆ ಇರಲು ಒಂದು ಕೋಣೆ. ನನಗೆ ಸಂಬಳಕ್ಕಿಂತ ಆ ಕೋಣೆಯ ಮೇಲೆ ಕಣ್ಣು. ನಲವತ್ತೊಂದು ವರ್ಷವಾದರೂ ಮನೆಯಲ್ಲಿ ಇನ್ನೂ ಪುಟ್ಟಿ ಎಂದು ಕರೆಸಿಕೊಳ್ಳುವವಳಿಗೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಎಂದರೆ ಏನು ಎಂಬುದು ಮದುವೆಯಾಗದೆ ಅಣ್ಣನ ಮನೆಯಲ್ಲಿ ಉಳಿದವರಿಗೆ ಮಾತ್ರ ಗೊತ್ತು. ಪರೀಕ್ಷೆ ಕಂಪ್ಯೂಟರಿನಲ್ಲೇ ಬರೆಯಬೇಕು, ಫೋನಿನಲ್ಲಿ ತೆರೆಯುವುದಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಒಂದು ಗಂಟೆಯ ಪ್ರಶ್ನೆಪತ್ರಿಕೆ. ಹನ್ನೆರಡು ಹೊಡೆದರೆ ಮುಚ್ಚಿಹೋಗುತ್ತದೆ.

ಹಿಂದಿನ ಎರಡು ಸಲವೂ ಕಂಪ್ಯೂಟರ್ ಇಂಥದೇ ದಿನ ಕೆಟ್ಟಿತ್ತು ಎಂಬುದು ನನಗೆ ಹೊಳೆದಿರಲಿಲ್ಲ ಎಂದಲ್ಲ. ಹೊಳೆದಿತ್ತು. ನನ್ನ ಹಣೆಬರಹ ಎಂದುಕೊಂಡು ಸುಮ್ಮನಾಗಿದ್ದೆ.

ಕಂಪ್ಯೂಟರ್ ಇರುವುದು ಅಮ್ಮನ ಕೋಣೆಯಲ್ಲಿ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅಮ್ಮನ ಬಲಭಾಗ ಬಿದ್ದುಹೋಯಿತು. ಮಾತು ಹತ್ತಿಪ್ಪತ್ತು ಉಳಿದಿದೆ. ಮಂಚದ ಕಾಲ ಬಳಿ ನನ್ನ ಮೇಜು. ಅಮ್ಮನಿಗೆ ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ಉಣಿಸಿ, ನಡುವೆ ಸಿಕ್ಕ ಹೊತ್ತಿನಲ್ಲಿ ಅವರಿವರ ಪುಸ್ತಕದ ಕರಡು ತಿದ್ದುತ್ತಿದ್ದೆ. ಅತ್ತಿಗೆ ಶಾಲೆಯ ಟೀಚರ್. ಬೆಳಿಗ್ಗೆ ಎಂಟಕ್ಕೇ ಮಗಳನ್ನು ಕರೆದುಕೊಂಡು ಹೊರಡುತ್ತಾರೆ.

ಆ ದಿನ ಎಂಟೂವರೆಗೆ ಒಮ್ಮೆ ನೋಡೋಣ ಎಂದು ಆನ್ ಮಾಡಿದೆ. ಪರದೆ ಕಪ್ಪು.

"ಅಣ್ಣಾ, ಮತ್ತೆ ಕೆಟ್ಟೋಯ್ತು!"

ಅಣ್ಣ ಚಪ್ಪಲಿ ಮೆಟ್ಟುತ್ತಿದ್ದ. "ಅಯ್ಯೋ, ಇವತ್ತೇ ಕೆಡಬೇಕಿತ್ತಾ ಅದು? ಅಂಗಡಿಗೆ ಒಬ್ರು ಕಾಯ್ತಾ ಇದಾರೆ ಪುಟ್ಟಿ. ಮಧ್ಯಾಹ್ನ ಊಟಕ್ಕೆ ಬಂದಾಗ ನೋಡ್ತೀನಿ."

"ಹನ್ನೆರಡಕ್ಕೆ ಮುಗಿಯತ್ತೆ ಅಣ್ಣ ಪರೀಕ್ಷೆ."

"ಹಳೇ ಡಬ್ಬ, ಏನ್ ಮಾಡೋದು? ಹೋಗ್ಲಿ ಬಿಡು, ಇನ್ನೊಂದು ಬರತ್ತೆ." ನನ್ನ ತಲೆ ಸವರಿ ಹೋದ. ಅಷ್ಟು ಮೃದುವಾಗಿ ಸವರಿದ ಎಂದರೆ, ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸೇ ಬರಲಿಲ್ಲ.

ಅಮ್ಮನನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಒಂದೂವರೆ ಗಂಟೆ ಆನ್ ಮಾಡುವುದು, ಆಫ್ ಮಾಡುವುದು, ವೈರು ಕಿತ್ತು ಚುಚ್ಚುವುದು, ದೇವರನ್ನು ಬೇಡಿಕೊಳ್ಳುವುದು ಇಷ್ಟರಲ್ಲೇ ಕಳೆಯಿತು. ಆಮೇಲೆ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದೆ. ನಾಲ್ಕು ಸಲ ಎತ್ತಲಿಲ್ಲ. ಐದನೇ ಸಲ ಎತ್ತಿದಾಗ ಹತ್ತೂ ಮುಕ್ಕಾಲು.

"ಆನ್ ಮಾಡಿದ್ರೆ ಏನಾಗತ್ತೆ ಅಕ್ಕ?"

"ಫ್ಯಾನ್ ತಿರುಗತ್ತೆ, ದೀಪ ಹತ್ತತ್ತೆ. ಪರದೆ ಮೇಲೆ ಏನೂ ಬರಲ್ಲ."

"ಕೂಗತ್ತಾ?"

"ಹೂಂ, ಬೀಪ್ ಬೀಪ್ ಅನ್ನತ್ತೆ."

"ಫೋನ್ ಅದರ ಹತ್ರ ಹಿಡೀರಿ, ಕೇಳೋಣ."

ಹಿಡಿದೆ. ಮೂರು ಸಲ ಕೂಗಿತು, ಸ್ವಲ್ಪ ಸುಮ್ಮನಿತ್ತು, ಮತ್ತೆ ಮೂರು ಸಲ ಕೂಗಿತು.

"ರ್‍ಯಾಮ್ ಅಕ್ಕ, ನೂರಕ್ಕೆ ನೂರು. ಆ ಮೆಮೊರಿ ಪಟ್ಟಿ ನೆಟ್ಟಗೆ ಕೂತಿಲ್ಲ. ನೀವೇ ಕೂರಿಸಬಹುದು."

"ನಾನಾ? ಬಲ್ಬ್ ಹಾಕೋಕೂ ನನಗೆ ಅಣ್ಣ ಬೇಕು."

"ಹಾಗಾದ್ರೆ ಸಂಜೆ ಏಳಕ್ಕೆ ಬರ್ತೀನಿ."

"ಹನ್ನೆರಡಕ್ಕೆ ಪರೀಕ್ಷೆ ಮುಗಿದುಹೋಗತ್ತಪ್ಪಾ!"

"ಹಾಗಾದ್ರೆ ಬಿಚ್ಚಿ."

ಕರೆಂಟಿನ ವೈರು ಕಿತ್ತೆ. ಅವನು ಹೇಳಿದಂತೆ, ಮೈಮೇಲಿನ ಕರೆಂಟು ಇಳಿಯಲೆಂದು, ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿದೆ. ಹಿಂದುಗಡೆ ಎರಡು ಸ್ಕ್ರೂ, ಬೆರಳಿನಿಂದಲೇ ತಿರುಗಿದವು. ಪಕ್ಕದ ತಗಡನ್ನು ಜಾರಿಸಿ ತೆಗೆದು ಗೋಡೆಗೆ ಒರಗಿಸಿದೆ. ಒಳಗೆ ವೈರುಗಳ ಗೋಜಲು, ಬೆರಳು ದಪ್ಪ ಧೂಳು. ಅಮ್ಮ ತಲೆ ಈ ಕಡೆ ಹೊರಳಿಸಿ ನೋಡುತ್ತಿದ್ದಳು.

"ಉದ್ದ ಹಸಿರು ಪಟ್ಟಿ ಕಾಣ್ತಾ? ಅದರ ಎರಡು ತುದಿಗೂ ಬಿಳಿ ಕಿವಿ ಇರತ್ತೆ. ಕಿವಿ ಮುಚ್ಕೊಂಡಿದೆಯಾ, ತೆರ್ಕೊಂಡಿದೆಯಾ?"

"ತೆರ್ಕೊಂಡಿದೆ. ಎರಡೂ."

"ಯಾರಾದ್ರೂ ಬಿಚ್ಚಿದ್ರಾ ಅಕ್ಕ?"

"ಇಲ್ವಲ್ಲ. ತಾನಾಗೇ ಸಡಿಲ ಆಗಿರಬೇಕು."

"ತಾನಾಗೇ ಆಗಲ್ಲ. ಧೂಳಿಗೆ ಕೆಡತ್ತೆ, ಇಲಿ ಬಂದ್ರೆ ಕೆಡತ್ತೆ. ಆದ್ರೆ ಎರಡು ಕಿವೀನೂ ಬೆರಳಲ್ಲಿ ಒತ್ತಿದ್ರೇ ತೆರ್ಕೊಳ್ಳೋದು. ಇಲಿಗೆ ಅಷ್ಟು ತಿಳುವಳಿಕೆ ಎಲ್ಲಿಂದ ಬರಬೇಕು?" ನಕ್ಕ. "ಬಿಡಿ, ಪಟ್ಟಿ ಹೊರಗೆ ತೆಗೀರಿ. ಮನೇಲಿ ಪೆನ್ಸಿಲ್ ರಬ್ಬರ್ ಇದ್ರೆ ಅದರ ಹಳದಿ ಹಲ್ಲುಗಳನ್ನ ಉಜ್ಜಿ. ಮತ್ತೆ ಇಟ್ಟು ಜೋರಾಗಿ ಒತ್ತಿ, ಟಕ್ ಅನ್ನಬೇಕು. ಹೆದರ್ಕೊಂಡು ಒತ್ತಿದ್ರೆ ಕೂರಲ್ಲ."

ಹೆದರಿಕೊಂಡೇ ಒತ್ತಿದೆ, ಕೂರಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಸಿಟ್ಟಿನಿಂದ ಒತ್ತಿದೆ. ಟಕ್ ಎಂದಿತು. ಕಿವಿಗಳೆರಡೂ ತಾವಾಗಿ ಮುಚ್ಚಿಕೊಂಡವು. ವೈರು ಚುಚ್ಚಿದೆ. ಆನ್ ಮಾಡಿದೆ. ಒಂದೇ ಸಲ ಕೂಗಿ, ಪರದೆ ನೀಲಿಯಾಯಿತು. ಅಂಗಡಿಯವನಿಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದೆನೋ ಗೊತ್ತಿಲ್ಲ.

ನಮ್ಮ ಕಂಪ್ಯೂಟರ್ ಪೂರ್ತಿ ಏಳಲು ಐದಾರು ನಿಮಿಷ ಬೇಕು. ಅಷ್ಟರಲ್ಲಿ ತಗಡನ್ನು ಮುಚ್ಚಿಬಿಡೋಣ ಎಂದು ಎತ್ತಿಕೊಂಡೆ. ಕಿಟಕಿಯ ಬೆಳಕು ಅದರ ಒಳಮೈಗೆ ಬಿತ್ತು. ಮೂಲೆಯಲ್ಲಿ ಸೂಜಿಯಿಂದ ಗೀಚಿದ, ಎಳ್ಳಿನಷ್ಟು ಚಿಕ್ಕ ಅಂಕಿಗಳು.

ಗಡಿಯಾರ ರಿಪೇರಿಯವರಿಗೆ ಒಂದು ಅಭ್ಯಾಸವಿದೆ. ಗಡಿಯಾರ ಬಿಚ್ಚಿದಾಗ ಹಿಂದಿನ ಮುಚ್ಚಳದ ಒಳಗೆ ಆ ದಿನದ ತಾರೀಖು ಗೀಚಿಡುತ್ತಾರೆ, ಮುಂದೆ ಯಾವಾಗ ಬಂದರೂ ಹಿಂದೆ ಯಾವಾಗ ಬಿಚ್ಚಿದ್ದೆಂದು ತಿಳಿಯಲಿ ಎಂದು. ಅಣ್ಣನಿಗೆ ಅದು ಎಷ್ಟು ಮೈಗೂಡಿದೆ ಎಂದರೆ ನಮ್ಮ ಮಿಕ್ಸಿಯ ತಳದಲ್ಲೂ ತಾರೀಖಿದೆ. ಅವನು ನೆನಪಿಟ್ಟುಕೊಂಡು ಬರೆಯುವುದಲ್ಲ, ಕೈ ತನ್ನ ಪಾಡಿಗೆ ಬರೆದುಬಿಡುತ್ತದೆ.

ಇದರಲ್ಲಿ ಐದು ತಾರೀಖುಗಳಿದ್ದವು. ಮೊದಲ ಎರಡೂ ಐದು ವರ್ಷ ಹಿಂದಿನವು: ಹನ್ನೊಂದು, ಹದಿಮೂರು. ಹದಿಮೂರು ಸರಿ, ಅವನು ರಿಪೇರಿ ಮಾಡಿಕೊಟ್ಟ ದಿನ, ನಾನು ಟೀ ಕೊಟ್ಟ ದಿನ. ಹನ್ನೊಂದು ಯಾಕೆ? ಆಗ ಕಂಪ್ಯೂಟರ್ ಚೆನ್ನಾಗಿಯೇ ಇತ್ತಲ್ಲ? ನನ್ನ ಪರೀಕ್ಷೆ ಇದ್ದದ್ದು ಹನ್ನೆರಡಕ್ಕೆ. ಅದರ ಕೆಳಗೆ ಎರಡೂವರೆ ವರ್ಷ ಹಿಂದಿನ ಇನ್ನೊಂದು ಜೋಡಿ, ಆ ಜೋಡಿಯ ನಡುವೆಯೂ ನನ್ನದೊಂದು ಪರೀಕ್ಷೆ. ಐದನೆಯದು ನಿನ್ನೆಯ ತಾರೀಖು. ಅದರ ಜೊತೆಯದನ್ನು ಅವನು ಮಧ್ಯಾಹ್ನ ಊಟಕ್ಕೆ ಬಂದಾಗ ಬರೆಯಬೇಕಿತ್ತು.

ನಾನು ಹಣೆಬರಹ ಎಂದುಕೊಂಡದ್ದು ಅಣ್ಣನ ಕೈಬರಹವಾಗಿತ್ತು.

ನಿನ್ನೆ ಸಂಜೆ ನಾನು ಔಷಧಿ ಅಂಗಡಿಗೆ ಹೋಗಿದ್ದೆ, ಅರ್ಧ ಗಂಟೆ. ಮನೆಯಲ್ಲಿ ಅಣ್ಣ ಇದ್ದ. ಈ ಕೋಣೆಯಲ್ಲಿ ಅಮ್ಮ ಇದ್ದಳು. ತಗಡು ಹಿಡಿದುಕೊಂಡೇ ಅಮ್ಮನ ಕಡೆ ತಿರುಗಿದೆ.

"ಅಮ್ಮ, ನಿನ್ನೆ ಅಣ್ಣ ಇದನ್ನ ಬಿಚ್ಚಿದ್ನಾ?"

ಅಮ್ಮ ನನ್ನನ್ನೇ ನೋಡಿದಳು.

"ನೀನು ನೋಡ್ತಾ ಇದ್ದೆ ಅಲ್ವಾ? ಬೆಳಿಗ್ಗೆಯಿಂದ ನಾನು ಒದ್ದಾಡಿದ್ದೂ ನೋಡ್ತಾ ಇದ್ದೆ."

ಅಮ್ಮ ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂದವರು ಮುಚ್ಚುವ ಹಾಗಲ್ಲ. ರೆಪ್ಪೆ ಬಿಗಿಹಿಡಿದು ಮುಚ್ಚಿದಳು.

ಗಂಟೆ ಹನ್ನೊಂದೂ ಇಪ್ಪತ್ತು. ಅಳಲು ಪುರುಸೊತ್ತಿರಲಿಲ್ಲ. ಒಂದು ಗಂಟೆಯ ಪತ್ರಿಕೆಗೆ ನನ್ನ ಪಾಲಿಗೆ ಉಳಿದದ್ದು ನಲವತ್ತು ನಿಮಿಷ. ಕುರ್ಚಿ ಎಳೆದುಕೊಂಡು ಕೂತೆ. ಒತ್ತಕ್ಷರ ತಪ್ಪಿದ ಪದ, ಕ್ರಿಯಾಪದ ಕಾಣದ ವಾಕ್ಯ, ಪುಟದ ಮೇಲೆ ಒಂದು ಹೆಸರು, ಕೆಳಗೆ ಬರುವಷ್ಟರಲ್ಲಿ ಇನ್ನೊಂದು. ತಪ್ಪು ಹುಡುಕುವುದು ನನ್ನ ಕಸುಬು. ಆದರೆ ಕೂತ ಮನೆಯಲ್ಲಿ ಐದು ವರ್ಷ ನನಗೆ ಏನೂ ಕಂಡಿರಲಿಲ್ಲ.

"ಪುಟ್ಟೀ" ಎಂದಳು ಅಮ್ಮ, ಬೆನ್ನ ಹಿಂದಿನಿಂದ.

ಆ ದನಿ ಯಾಕೆಂದು ನನಗೆ ಗೊತ್ತು. ಎರಡು ವರ್ಷದಿಂದ ಆ ದನಿ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದ್ದೇನೆ. ಎದ್ದರೆ ಹತ್ತು ನಿಮಿಷ ಹೋಯಿತು. ಎದ್ದೆನಾ? ಇಲ್ಲ. ಮತ್ತೆ ಕರೆದಳು. ಆಮೇಲೆ ಇನ್ನೊಮ್ಮೆ, ಮೆಲ್ಲಗೆ. ಆಮೇಲೆ ಕರೆಯಲಿಲ್ಲ. ಹಾಸಿಗೆಯಲ್ಲೇ ಆಗಿಹೋಯಿತೆಂದು ತಿಳಿಯಿತು. ಆ ನಲವತ್ತು ನಿಮಿಷ ನಾನು ಕೆಟ್ಟ ಮಗಳಾಗಿದ್ದೆ. ಕೆಟ್ಟ ಮಗಳಾಗದೆ ಆ ಪತ್ರಿಕೆ ಮುಗಿಸುವ ದಾರಿ ಆ ಮನೆಯಲ್ಲಿ ಇರಲಿಲ್ಲ.

ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ ಕೊನೆಯ ಗುಂಡಿ ಒತ್ತಿದೆ. ಕೊನೆಯ ಪುಟದಲ್ಲಿ ನಾಲ್ಕು ಪ್ರಶ್ನೆ ಬಿಟ್ಟುಹೋಗಿದ್ದವು. ಎದ್ದು ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಹಾಸಿಗೆ ಬದಲಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಣ್ಣ ಒಂದೂವರೆಗೆ ಬಂದ. "ಎಲ್ಲಿ, ಏನಾಗಿದೆ ನೋಡೋಣ" ಎನ್ನುತ್ತ ಕೋಣೆಗೆ ಕಾಲಿಟ್ಟವನು ಬೆಳಗುತ್ತಿದ್ದ ಪರದೆ ನೋಡಿದ. ಆಮೇಲೆ ಮೇಜಿನ ಮೇಲೆ ಒಳಮೈ ಮೇಲಾಗಿ ಇಟ್ಟಿದ್ದ ತಗಡು ನೋಡಿದ. ಅಲ್ಲೇ ನಿಂತ.

ಕೂಗಾಡಬೇಕೆಂದು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಯಾಕಣ್ಣ?"

"ಅಮ್ಮನ್ನ ಯಾರು ನೋಡ್ಕೋತಾರೆ ಹೇಳು" ಎಂದ.

"ಮೊದಲನೇ ಸಲ ಅಮ್ಮ ಓಡಾಡ್ಕೊಂಡಿದ್ಲು."

"ಆಗ ನಿನ್ನ ಅತ್ತಿಗೆ ಬಸುರಿ. ಡಾಕ್ಟ್ರು ಮಲಗಿರಬೇಕು ಅಂದಿದ್ರು. ಎರಡನೇ ಸಲ ಪಾಪು ಚಿಕ್ಕದು, ಇವಳು ಕೆಲಸಕ್ಕೆ ವಾಪಸ್ ಹೋಗಬೇಕಿತ್ತು." ತಲೆ ತಗ್ಗಿಸಲಿಲ್ಲ. ಗಿರಾಕಿಗೆ ಗಡಿಯಾರ ನಿಂತ ಕಾರಣ ಹೇಳುವ ಹಾಗೆ, ಒಂದಾದ ಮೇಲೊಂದು, ಸಮಾಧಾನವಾಗಿ ಹೇಳಿದ. ಸುಳ್ಳು ಒಂದೂ ಇರಲಿಲ್ಲ ಅದರಲ್ಲಿ. "ನಾನೇನು ನಿನಗೆ ಕೆಟ್ಟದ್ದು ಬಯಸಿದ್ನಾ ಪುಟ್ಟಿ? ಒಂದು ದಿನ ನಿನ್ನ ಮೇಲೆ ಕೈ ಎತ್ತಿದೀನಾ?"

"ಕೇಳಬಹುದಿತ್ತಲ್ಲ ಅಣ್ಣ. ಬಾಯಿಬಿಟ್ಟು ಒಂದು ಮಾತು, ಹೋಗಬೇಡ, ಇರು ಅಂತ."

"ಕೇಳಿದ್ರೆ ಇರ್ತಿದ್ಯಾ?"

ನಾನು ಯೋಚಿಸಬೇಕಾಗಿರಲಿಲ್ಲ.

"ಇರ್ತಿದ್ದೆ" ಎಂದೆ. "ಮೂರು ಸಲವೂ ಇರ್ತಿದ್ದೆ."

ಅದು ನಿಜ. ನನ್ನ ಹೊಟ್ಟೆ ಉರಿಯುವುದೂ ಅದಕ್ಕೇ. ನಾನೇ ಬಿಟ್ಟುಕೊಡುತ್ತಿದ್ದದ್ದನ್ನು ಅವನು ಕದ್ದಿದ್ದ. ಬಿಟ್ಟುಕೊಟ್ಟಿದ್ದರೆ ಕೊಟ್ಟವಳು ನಾನು ಎಂಬುದಾದರೂ ನನಗೆ ಉಳಿಯುತ್ತಿತ್ತು.

ಅಣ್ಣ ಅಮ್ಮನ ಮಂಚದ ಅಂಚಿಗೆ ಕೂತ. ಅವನ ಕಣ್ಣು ಒದ್ದೆಯಾಗಿತ್ತು, ಅದೂ ನಾಟಕವಲ್ಲ. ನನ್ನ ಕೈ ಹಿಡಿದುಕೊಂಡ.

"ಆಯ್ತು, ತಪ್ಪಾಯ್ತು. ಈಗ ಕೇಳ್ತಾ ಇದೀನಿ ಪುಟ್ಟಿ. ಇರ್ತೀಯಾ?"

ಅಮ್ಮ ಕಣ್ಣು ಬಿಟ್ಟಿದ್ದಳು. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಪಾಸಾಗುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ನಾಲ್ಕು ಪ್ರಶ್ನೆ ಬಿಟ್ಟವಳಿಗೆ ಆ ಕೋಣೆ ಯಾರು ಕೊಡುತ್ತಾರೆ? ಹೋಗಲು ಬೇರೆ ಜಾಗವೂ ನನಗಿರಲಿಲ್ಲ.

"ಇಲ್ಲ" ಎಂದೆ.

ಕೈ ಬಿಡಿಸಿಕೊಂಡು, ಅವನಿಗೆ ಊಟಕ್ಕೆ ಬಡಿಸಲು ಒಳಗೆ ಹೋದೆ.