ಕ್ಲೈಡ್ ನಾರ್ತಿನಲ್ಲಿ ಇಲ್ಲದ ಮನೆ

ಮೊಮ್ಮಗನಿಗೆ ಮೆಲ್ಬರ್ನಿನಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಮಾಡಿಕೊಟ್ಟವಳು ನಾನೇ. ಒಂದು ಡಾಲರೂ ಖರ್ಚಾಗಲಿಲ್ಲ. ಸಾವಿತ್ರಿಯ ಮನೆಯ ಸೋಫಾದ ಮೇಲೆ ಕೂತು, ಕೋಡುಬಳೆ ಮುರಿಯುತ್ತಾ, ಒಂದೇ ಉಸಿರಿನಲ್ಲಿ ಕಟ್ಟಿ ಮುಗಿಸಿದೆ.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನನಗೇ ಗೋಜಲಾಗುತ್ತದೆ.

ಸಿಡ್ನಿಯ ಗಿರಾವೀನ್‌ನಲ್ಲಿ ನಾವು ಮೂವರು ಇರುವುದು: ನಾನು, ನನ್ನ ಮಗಳ ಮಗ ಅಭಿನಂದನ್, ಅವನ ಹೆಂಡತಿ ಅಪರ್ಣ. ಮಗಳು ಅಳಿಯ ಕೆಲಸದ ಮೇಲೆ ಸಿಂಗಾಪುರಕ್ಕೆ ಹೋಗಿದ್ದಾರೆ. ಅಭಿ ಇಲ್ಲೇ ಬೆಳೆದ ಹುಡುಗ, ಈ ದೇಶದ ಪ್ರಜೆ. ಅಪರ್ಣ ಹಾಸನದಿಂದ ಓದಲು ಬಂದವಳು. ಇಬ್ಬರೂ ಮೆಚ್ಚಿಕೊಂಡು ಹೋದ ವರ್ಷ ಮದುವೆಯಾದರು. ಅವಳ ಓದು ಮುಗಿಯುತ್ತಾ ಬಂದಿತ್ತು, ಈ ಮಾರ್ಚ್ ಹದಿನೈದಕ್ಕೆ ಸ್ಟೂಡೆಂಟ್ ವೀಸಾನೂ ಮುಗಿಯುವುದಿತ್ತು. ಅಷ್ಟರೊಳಗೆ ಗಂಡ ಹೆಂಡತಿಯ ವೀಸಾಕ್ಕೆ ಸರಿಯಾದ ಅರ್ಜಿ ಹೋಗದಿದ್ದರೆ ಹುಡುಗಿ ವಿಮಾನ ಹತ್ತಬೇಕಿತ್ತು.

ಈ ವಿಷಯ ತಿಳಿದದ್ದೇ ತಡ, ಲಂಡನ್ನಿನಲ್ಲಿರುವ ನನ್ನ ಅಣ್ಣನ ಮಗ ಗೋಪಾಲ ಫೋನ್ ಮಾಡಿದ.

"ಅತ್ತೆ, ಗಂಡಂಗೆ ವರ್ಷಕ್ಕೆ ಇಪ್ಪತ್ತೊಂಬತ್ತು ಸಾವಿರ ಪೌಂಡ್ ಸಂಬಳ ಇರ್ಲೇಬೇಕು. ಇಲ್ಲಾಂದ್ರೆ ವೀಸಾ ಇಲ್ಲ."

ಅವನು ಅವನಿರುವ ದೇಶದ ಮಾತು ಹೇಳಿದ್ದ. ನನಗೆ ಎಲ್ಲ ದೇಶವೂ ಒಂದೇ. ಎಲ್ಲೆಲ್ಲೂ ಚಳಿ, ಎಲ್ಲೆಲ್ಲೂ ಫಾರಂ. ದೇವಸ್ಥಾನದಲ್ಲಿ ಕೇಳಿದರೆ ಒಬ್ಬಳು ಅರವತ್ತು ಸಾವಿರ ಡಾಲರ್ ಎಂದಳು, ಇನ್ನೊಬ್ಬಳು ಎಂಬತ್ತು. ನನ್ನ ಬಾಯಿಂದ ಹೊರಬೀಳುವಾಗ ಅದು ಒಂದು ಲಕ್ಷವಾಗಿತ್ತು.

ಅಭಿ ಆಗ ಫೋನ್ ಅಂಗಡಿಯಲ್ಲಿ ವಾರಕ್ಕೆ ಮೂರು ದಿನ ನಿಲ್ಲುತ್ತಿದ್ದ.

"ಅಜ್ಜಿ, ಆರ್ ಯೂ ಶೂರ್? ನೆಟ್ಟಲ್ಲಿ ಒಂದೊಂದ್ ಕಡೆ ಒಂದೊಂದ್ ಥರ ಇದೆ."

"ಲಂಡನ್ನಲ್ಲಿರೋನು ಸುಳ್ಳು ಹೇಳ್ತಾನೇನೋ?"

"ಲಾಯರ್‌ನ ಕೇಳೋಣ," ಎಂದಳು ಅಪರ್ಣ.

ಲಾಯರಿನ ಫೀಸು ಕೇಳಿ ಮೂವರೂ ಒಂದು ನಿಮಿಷ ಸತ್ತು ಬದುಕಿದೆವು. ಮೊದಲು ಸಂಬಳ ಸರಿ ಮಾಡಿಕೊಂಡು ಆಮೇಲೆ ಹೋಗೋಣ ಎಂದು ತೀರ್ಮಾನವಾಯಿತು. ಮೆಲ್ಬರ್ನಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ, ಇಲ್ಲಿಯ ಎರಡರಷ್ಟು ಸಂಬಳ. ಸೆಪ್ಟೆಂಬರಿನಲ್ಲಿ ಅಭಿ ಸೂಟ್‌ಕೇಸ್ ಎತ್ತಿಕೊಂಡು ಹೋದ. ಅಪರ್ಣ ಎರಡು ದಿನ ಅನ್ನಕ್ಕೆ ಉಪ್ಪು ಹಾಕಿಕೊಳ್ಳುವುದನ್ನೂ ಮರೆತಳು. ನಾನು, "ಗಂಡ ಚಂದ್ರಲೋಕಕ್ಕೆ ಹೋದನೇನೇ?" ಎಂದು ರೇಗಿಸಿದೆ. ನಗಲಿಲ್ಲ.

ನವೆಂಬರಿನಲ್ಲಿ ಪಾಯಿಂಟ್ ಕುಕ್‌ನಲ್ಲಿ ನೆಂಟರ ಅರವತ್ತರ ಶಾಂತಿ ಇತ್ತು. ನನ್ನನ್ನು ಕರೆಸಿಕೊಂಡಿದ್ದರು. ಊಟವಾದ ಮೇಲೆ ಅಭಿಯನ್ನು ಹಿಡಿದುಕೊಂಡೆ.

"ನಿನ್ನ ರೂಮು ತೋರಿಸು."

"ತುಂಬಾ ದೂರ ಅಜ್ಜಿ. ಕ್ಲೈಡ್ ನಾರ್ತ್ ಆ ಕಡೆ ತುದಿ."

"ಭೂಮಿಯಿಂದ ಆಚೆಗಂತೂ ಅಲ್ವಲ್ಲ? ನಡಿ."

ಭೂಮಿಯಿಂದ ಆಚೆಗೇ ಇತ್ತು. ಕಾರಿನಲ್ಲಿ ಕೂತು ಕೂತು ನನ್ನ ವಯಸ್ಸು ಎಂಟು ವರ್ಷ ಹೆಚ್ಚಾಯಿತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹೊಸ ಮನೆಗಳ ಸಾಲು. ಅದರಲ್ಲೊಂದರ ಗ್ಯಾರೇಜಿಗೆ ಗೋಡೆ ಹಾಕಿ ರೂಮು ಮಾಡಿದ್ದರು. ಅಲ್ಲಿ ಅಭಿಯ ವಾಸ. ಎರಡೂ ಕೈ ಚಾಚಿದರೆ ಎರಡು ಕಡೆಯ ಗೋಡೆ ತಾಗುತ್ತಿತ್ತು. ಇದನ್ನು ಹೆಚ್ಚು ಮಾಡಿ ಹೇಳುತ್ತಿಲ್ಲ, ಚಾಚಿ ನೋಡಿದೆ. ಒಂದು ಹಾಸಿಗೆ, ಒಂದು ಕುಕ್ಕರ್, ಸಿಂಕಿನ ಮೇಲೆ ಒಂದು ಲೋಟ. ಲೋಟದಲ್ಲಿ ಎರಡು ಟೂತ್‌ಬ್ರಷ್. ಒಂದು ಸವೆದದ್ದು. ಇನ್ನೊಂದು ಗುಲಾಬಿ ಬಣ್ಣದ್ದು, ಪ್ಯಾಕೆಟ್ಟೇ ಒಡೆದಿರಲಿಲ್ಲ.

"ಇದ್ಯಾರದ್ದೋ ಕಳ್ಳ?"

"ಅಪರ್ಣಂದು. ಒಳ್ಳೆ ಜಾಗ ಸಿಕ್ಕಿದ್ಮೇಲೆ ಬರ್ತಾಳಲ್ಲ, ಅದಕ್ಕೆ." ಆಮೇಲೆ ಕೈ ಹಿಡಿದುಕೊಂಡ. "ಅಜ್ಜಿ, ಗ್ಯಾರೇಜ್ ಅಂತ ಅವಳಿಗೆ ಹೇಳ್ಬೇಡಿ. ಪ್ಲೀಸ್. ಅಳ್ತಾಳೆ."

ನಾನು ಹೇಳಲಿಲ್ಲ. ನನ್ನ ಜನ್ಮದಲ್ಲಿ ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ, ಅದೂ ಎಡವಟ್ಟಾಯಿತು.

ಮುಂದಿನ ಶುಕ್ರವಾರ ಸಾವಿತ್ರಿ ಅರಿಶಿನ ಕುಂಕುಮಕ್ಕೆ ಕರೆದಿದ್ದಳು, ನಾನೊಬ್ಬಳೇ ಹೋದೆ. ನಮ್ಮ ಬೀದಿಯವಳು, ಮೈಸೂರಿನ ಕಡೆಯವಳು. ಒಳ್ಳೆಯವಳೇ, ಆದರೆ ಕಣ್ಣು ಮಾತ್ರ ಸೂಜಿ. ಎಲ್ಲರೂ ಇದ್ದಾಗಲೇ ಕೇಳಿದಳು:

"ಏನ್ ವಸಂತಮ್ಮ, ಮದ್ವೆ ಆಗಿ ವರ್ಷ ಆಗಿಲ್ಲ, ಅವನೊಂದ್ ಊರು, ಇವಳೊಂದ್ ಊರು? ಎಲ್ಲಾ ಸರಿಯಾಗಿದೆ ತಾನೆ?"

ನನ್ನ ಕಣ್ಣ ಮುಂದೆ ಆ ಗ್ಯಾರೇಜು ಬಂತು. ಕೈಲಿದ್ದ ಕೋಡುಬಳೆ ಪಟ್ಟನೆ ಮುರಿದೆ.

"ಸರಿ ಇಲ್ದೆ ಏನು? ಮ್ಯಾನೇಜರ್ ಮಾಡಿದಾರೆ ಕಣೆ. ಕ್ಲೈಡ್ ನಾರ್ತಲ್ಲಿ ಮನೆ ತಗೊಂಡಿದಾನೆ. ನಾಲ್ಕು ಬೆಡ್‌ರೂಮು. ಅಡಿಗೆಮನೇಲಿ ಒಂದು ಮದುವೆ ಮಾಡ್ಬೋದು!"

ಸಾವಿತ್ರಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಕೋಡುಬಳೆ ತುಂಬಾ ರುಚಿಯಾಗಿತ್ತು.

ಫೆಬ್ರವರಿ ಕೊನೆಗೆ, ಸಂಬಳದ ಚೀಟಿಗಳು ಸಾಕಷ್ಟಾದವು ಎಂದು ಪರಮಟ್ಟಾದ ಲಾಯರ್ ತ್ರಿವಿಕ್ರಮನ ಆಫೀಸಿಗೆ ನಾನೂ ಅಪರ್ಣನೂ ಹೋದೆವು. ನಮ್ಮ ಕಡೆಯ ಹುಡುಗನೇ. ಅಪರ್ಣ ಸಂಬಳದ ಚೀಟಿಗಳನ್ನೆಲ್ಲ ಪೂಜೆಯ ಹೂವಿನಂತೆ ಮೇಜಿನ ಮೇಲೆ ಜೋಡಿಸಿದಳು. ಅವನು ಪಕ್ಕಕ್ಕೆ ಸರಿಸಿದ.

"ಚೆನ್ನಾಗಿದೆ. ಆದ್ರೆ ಈ ವೀಸಾಕ್ಕೆ ಇಂತಿಷ್ಟೇ ಸಂಬಳ ಇರ್ಬೇಕು ಅಂತ ರೂಲ್ ಇಲ್ಲ."

"ಇಲ್ವಾ?" ಎಂದಳು ಅಪರ್ಣ.

"ಇಲ್ಲ. ನೀವಿಬ್ರೂ ನಿಜವಾಗ್ಲೂ ಸಂಸಾರ ಮಾಡ್ತಿದೀರಾ ಅನ್ನೋದನ್ನ ನೋಡ್ತಾರೆ. ಖರ್ಚು ಹೇಗೆ ಹಂಚ್ಕೊಳ್ತೀರಿ, ಒಟ್ಟಿಗೆ ಇರ್ತೀರಾ, ಜನಕ್ಕೆ ಗೊತ್ತಾ, ಇಂಥದ್ದು."

"ಹಂಗಾದ್ರೆ ಲಂಡನ್ ಗೋಪಾಲ ಹೇಳಿದ್ದು ಸುಳ್ಳಾ?" ಎಂದೆ.

"ಅಲ್ಲಿಗೆ ನಿಜ ಅಜ್ಜಿ. ಇಲ್ಲಿಗಲ್ಲ."

ನನ್ನ ತಲೆ ಬೀಸುವ ಕಲ್ಲಿನಂತೆ ತಿರುಗಿತು. ಒಟ್ಟಿಗೆ ಇರಬೇಕು ಎನ್ನುವ ವೀಸಾಕ್ಕಾಗಿ ನಾನೇ ಹುಡುಗನನ್ನು ಬೇರೆ ಊರಿಗೆ ಓಡಿಸಿದ್ದೆ.

"ಕೆಲಸಕ್ಕೆ ಅಂತ ಸ್ವಲ್ಪ ದಿನ ಬೇರೆ ಇದ್ರೆ ತೊಂದ್ರೆ ಇಲ್ಲ," ಎಂದ ತ್ರಿವಿಕ್ರಮ. "ತೊಂದ್ರೆ ಇರೋದು ಇಲ್ಲಿ. ನೀವು ಗಂಡ ಹೆಂಡ್ತಿ ಅಂತ ಪರಿಚಯದವರ ಹತ್ರ ಎರಡು ಕಾಗದ ಬರೆಸ್ಬೇಕು ಅಂತ ಫೋನಲ್ಲೇ ಅಂದಿದ್ನಲ್ಲ? ಅದ್ರಲ್ಲಿ ಒಂದು ಸಾವಿತ್ರಿ ಆಂಟಿ ಕಳ್ಸಿದಾರೆ. ಗಂಡ ಮೆಲ್ಬರ್ನಲ್ಲಿ ಸ್ವಂತ ಮನೆ ತಗೊಂಡು ನೆಲೆ ನಿಂತಿದಾನೆ, ಹೆಂಡ್ತಿ ಸಿಡ್ನೀಲಿದಾಳೆ ಅಂತ. ಅಭಿ ನೋಡಿದ್ರೆ ರೂಮ್ ರೆಂಟಿನ ಚೀಟಿ ಕೊಟ್ಟಿದಾನೆ. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ. ಇದನ್ನ ಓದಿದೋರು ಏನ್ ಅಂದ್ಕೊಳ್ತಾರೆ? ಹೆಂಡ್ತಿನ ಬಿಟ್ಟು ಮನೆ ಮಾಡ್ಕೊಂಡಿದಾನೆ ಅಂತ."

ಅಪರ್ಣ ನನ್ನ ಕಡೆ ನೋಡಲಿಲ್ಲ. ಮೇಜನ್ನು ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದಳು:

"ಅದಕ್ಕೇನಾ ನನ್ನನ್ನ ಅಲ್ಲಿಗೆ ಬರ್ಬೇಡ, ಬರ್ಬೇಡ ಅಂತಿದ್ದಿದ್ದು? ಮೂರು ಸಲ ಟಿಕೆಟ್ ಬುಕ್ ಮಾಡ್ತೀನಿ ಅಂದೆ. ಮೂರು ಸಲಾನೂ ಏನೋ ನೆಪ."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ವೀಸಾ ಇರಲಿ, ನನ್ನ ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಈ ಹುಡುಗಿ ಆಗಲೇ ಇನ್ಯಾರನ್ನೋ ಕೂರಿಸಿಬಿಟ್ಟಿದ್ದಳು.

"ಮನೆ ಇಲ್ಲ ಕಣೆ," ಎಂದೆ. "ಅದು ನಾನು ಕಟ್ಟಿದ್ದು."

ಹೇಳಿದೆ. ಗ್ಯಾರೇಜು, ಗೋಡೆ, ಕುಕ್ಕರ್, ಕೊನೆಗೆ ಗುಲಾಬಿ ಬ್ರಷ್ಷು, ಒಂದನ್ನೂ ದೊಡ್ಡದು ಮಾಡದೆ ಹೇಳಿದೆ. ನನ್ನ ಮಾತು ನನಗೇ ಸಪ್ಪೆ ಎನಿಸಿತು. ಅಪರ್ಣ ಅಲ್ಲೇ ಫೋನ್ ತೆಗೆದು ಗಂಡನಿಗೆ ಹಚ್ಚಿದಳು.

"ಅಭಿ, ಪಿಂಕ್ ಯಾಕೋ ತಗೊಂಡೆ? ನಂಗೆ ಪಿಂಕ್ ಕಂಡ್ರೆ ಆಗಲ್ಲ ಅಂತ ಗೊತ್ತಿಲ್ವಾ?" ಎಂದವಳೇ ಅತ್ತುಬಿಟ್ಟಳು.

ತ್ರಿವಿಕ್ರಮ ಪೆನ್ನಿನ ಕ್ಯಾಪು ತೆಗೆದ. "ಅಜ್ಜಿ, ಎರಡ್ನೇ ಕಾಗದ ನೀವೇ ಕೊಡಿ. ಈಗ ಹೇಳಿದ್ದನ್ನೇ, ಹೀಗೇ. ಅಭಿ ಎಷ್ಟು ಸಲ ಸಿಡ್ನಿಗೆ ಬಂದಿದಾನೆ?"

"ಪ್ರತಿ ವಾ..." ನಾಲಿಗೆ ತಾನೇ ಓಡಿತು. ಹಿಡಿದು ನಿಲ್ಲಿಸಿದೆ. "ಏಳು ಸಲ."

"ಸಾವಿತ್ರಿ ಆಂಟಿನೂ ಹೊಸದಾಗಿ ಬರೀಬೇಕು. ಸುಳ್ಳಿದ್ರೆ ಬರೆದೋರ ಮೇಲೆ ಬರುತ್ತೆ."

ಸಾವಿತ್ರಿಯ ಮನೆ ನಮ್ಮ ಮನೆಯಿಂದ ಎಂಟು ಮನೆ ಆಚೆಗೆ. ಆ ದಿನ ಅದು ಮೆಲ್ಬರ್ನಿಗಿಂತ ದೂರವಿತ್ತು. ಬಾಗಿಲಲ್ಲೇ ನಿಂತು ಹೇಳಿದೆ:

"ಮನೆ ಇಲ್ಲ ಕಣೆ ಸಾವಿತ್ರಿ."

"ಯಾವ ಮನೆ?"

"ನಾಲ್ಕು ಬೆಡ್‌ರೂಮಿಂದು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಯ್ಯೋ ವಸಂತಮ್ಮ! ಗೃಹಪ್ರವೇಶಕ್ಕೆ ಅಂತ ಸೀರೆ ತೆಗ್ದಿಟ್ಟಿದ್ನಲ್ರೀ ನಾನು!"

"ನಮ್ಮನೆ ಹುಡುಗಿ ಉಳಿಯೋದು ಈಗ ನಿನ್ನ ಕೈಲಿದೆ. ಬೀದಿಗೆಲ್ಲ ಹೇಳ್ಕೊ, ಕಾಗದ ಒಂದು ಸರಿ ಮಾಡ್ಕೊಡು."

ನಗುತ್ತಾ ನಗುತ್ತಾ ಒಳಗೆ ಕರೆದಳು. ಕನ್ನಡಕ ಹಾಕಿಕೊಂಡು, ಪೊಲೀಸರಂತೆ ಒಂದೊಂದೇ ಸಾಲು ವಿಚಾರಿಸಿ ಬರೆದಳು.

"ಮದ್ವೆಗೆ ಮುನ್ನೂರು ಜನ ಅಂದಿದ್ರಿ?"

"ಅರವತ್ತು."

"ಅರವತ್ತಾ?"

"ಐವತ್ತೆಂಟು. ಇಬ್ಬರು ಡ್ರೈವರುಗಳು."

ಕಾಗದ ಬರೆದು ರುಜು ಹಾಕಿದ ಮೇಲೆ ಸಾವಿತ್ರಿ ಕನ್ನಡಕ ತೆಗೆದಳು. "ಗ್ಯಾರೇಜಲ್ಲಿ ಮಲಗ್ತಾನಾ ಹುಡುಗ?" ಎಂದಳು. ಡಬ್ಬಿ ತುಂಬ ಕೋಡುಬಳೆ ಹಾಕಿಕೊಟ್ಟಳು, ಅವನಿಗೆ ಎಂದು. ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ತಲುಪಿತ್ತು. ಅದೂ ಅವಳ ಕೈಂಕರ್ಯವೇ.

ಮಾರ್ಚ್ ಒಂಬತ್ತಕ್ಕೆ ಅರ್ಜಿ ಹೋಯಿತು. ತೀರ್ಮಾನಕ್ಕೆ ಒಂದು ವರ್ಷವೋ ಎರಡೋ, ಅಲ್ಲಿಯವರೆಗೆ ಅಪರ್ಣ ಇಲ್ಲೇ ಇರಬಹುದು ಎಂದು ಕಾಗದ ಬಂತು. ಅಭಿ ಆ ಕೆಲಸ ಬಿಟ್ಟು ಬಂದ. ಈಗ ಬ್ಲಾಕ್‌ಟೌನಿನ ಅಂಗಡಿಯಲ್ಲಿದ್ದಾನೆ, ಸಂಬಳ ಮೊದಲಿಗಿಂತ ಕಡಿಮೆ. ದುಡಿಮೆ ಕೇಳದೆ ಬ್ರಷ್ಷು ಕೇಳುವ ಈ ಸರ್ಕಾರ ನನಗಂತೂ ಇನ್ನೂ ಅರ್ಥವಾಗಿಲ್ಲ.

ಮೊನ್ನೆ ಬೆಳಿಗ್ಗೆ ಗೋಪಾಲ ಲಂಡನ್ನಿನಿಂದ ಫೋನ್ ಮಾಡಿದ.

"ಅತ್ತೆ, ಕೊನೆಗೆ ಎಷ್ಟು ಸಂಬಳ ತೋರಿಸಿದ್ರಿ?"

ಹೇಳಲು ಬಾಯಿ ತೆರೆದೆ. ಬಚ್ಚಲ ಬಾಗಿಲಲ್ಲಿ ಅಪರ್ಣ ನಿಂತಿದ್ದಳು, ಬಾಯಲ್ಲಿ ಗುಲಾಬಿ ಬ್ರಷ್, ಕಣ್ಣು ನನ್ನ ಮೇಲೆ.

"ಇಲ್ಲಿ ಅದನ್ನ ಕೇಳೋದೇ ಇಲ್ಲ ಕಣೋ," ಎಂದೆ.

"ಬಿಡಿ ಅತ್ತೆ," ಎಂದು ನಕ್ಕ ಗೋಪಾಲ. "ನೀವು ಯಾವಾಗ್ಲೂ ಹೀಗೇ, ಬಾಯಿ ಬಿಟ್ರೆ ಬರೀ ಬುರುಡೆ."