ಹಿರೇಗೌಡರ ಎದೆಯ ಪಟ್ಟಿ

ಪಟ್ಟಿ ಅಳಿಸಿಹೋದದ್ದು ಮಂಗಳವಾರ. ಬೀಗರಾಗುವವರು ಬರುವುದು ಗುರುವಾರ. ಗುಡಗೇರಿಯ ಪೇಂಟರ್ ಇಮಾಮುದ್ದೀನ ಕೈಯಲ್ಲಿ ಅರಿವೆ ಹಿಡಿದುಕೊಂಡೇ ನಿಂತ. ಬಾಜೂಕಿದ್ದ ಚಹಾ ಆರಿಹೋಯಿತು.

ಎದುರಿಗಿದ್ದದ್ದು ಪಕ್ಕದ ಹಳ್ಳಿಯ ಈರಬಸಪ್ಪಗೌಡರ ಅಜ್ಜನ ಫೋಟೋ. ಕಪ್ಪು-ಬಿಳುಪು ಫೋಟೋವನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ ಮೇಲೆ ಎಣ್ಣೆಬಣ್ಣ ಹಚ್ಚಿದ್ದು. ಹಚ್ಚಿದವನು ಇಮಾಮುದ್ದೀನನ ತೀರಿಹೋದ ಅಪ್ಪ ಅಲ್ಲಾಭಕ್ಷ. ತಲೆಗೆ ರುಮಾಲು, ಹುರಿ ಮೀಸೆ, ಬಲ ಹೆಗಲಿನಿಂದ ಎಡ ಸೊಂಟಕ್ಕೆ ಓರೆಯಾಗಿ ಇಳಿದ ಅಗಲವಾದ ಪಟ್ಟಿ, ಅದರ ಮೇಲೆ ನಕ್ಷತ್ರದಂಥ ಬಿಲ್ಲೆ. ರಾಜಮಹಾರಾಜರ ಪಟಗಳಲ್ಲಿ ಇರುತ್ತದಲ್ಲ, ಥೇಟು ಹಾಗೆ. ಯಾವ ಸರಕಾರ ಕೊಟ್ಟಿತು, ಯಾತಕ್ಕೆ ಕೊಟ್ಟಿತು ಎಂದು ಯಾರೂ ಕೇಳಿರಲಿಲ್ಲ. "ನಮ್ಮಜ್ಜಗ ಪಟ್ಟಿ ಕೊಟ್ಟಿದ್ರು" ಎಂದು ಗೌಡರು ಹೇಳುತ್ತಿದ್ದರು, ಕೇಳಿದವರು "ಹೌದ್ರಿ" ಎನ್ನುತ್ತಿದ್ದರು. ಪಡಸಾಲೆಯಲ್ಲಿ ಅದರ ಕೆಳಗೆ ಕೂತರೆ ಗೌಡರ ದನಿಯೇ ಒಂದು ಸುತ್ತು ದಪ್ಪವಾಗುತ್ತಿತ್ತು.

ಅದು ಎಂಬತ್ಮೂರನೆಯ ಇಸವಿ. ಗೌಡರ ಮಗಳು ನೀಲವ್ವನನ್ನು ತಮ್ಮ ಮಗನಿಗಾಗಿ ನೋಡಲು ಅಣ್ಣಿಗೇರಿಯಿಂದ ಬಾಳನಗೌಡರು ಬರುವವರಿದ್ದರು. ಆ ಮನುಷ್ಯ ಹುಡುಗಿಯ ಮುಖಕ್ಕಿಂತ ಮೊದಲು ಮನೆಯ ಗೋಡೆ ನೋಡುತ್ತಾರೆ, ಗೋಡೆಯ ಮೇಲೆ ಹಿರಿಯರ ತೂಕ ಕಾಣದಿದ್ದರೆ ಒಂದು ಕಪ್ಪು ಚಹಾ ಕುಡಿದು ಎದ್ದುಬಿಡುತ್ತಾರೆ ಎಂದು ಸುದ್ದಿಯಿತ್ತು. ಕುಂದಗೋಳದಲ್ಲಿ ಒಂದು ಮನೆಯಿಂದ ಹಾಗೇ ಎದ್ದು ಹೋಗಿದ್ದರಂತೆ. ನೀಲವ್ವ ಹುಡುಗನನ್ನು ಯಾರದೋ ಮದುವೆಯಲ್ಲಿ ಕಂಡಿದ್ದಳು. ಮನಸ್ಸಿಗೂ ಬಂದಿದ್ದ. ಹೀಗಾಗಿ ಗೌಡರು ಫೋಟೋ ಇಳಿಸಿ, "ಮಸಿ ತಗದು ಲಕಲಕ ಹೊಳಿಯೂ ಹಂಗ ಮಾಡು" ಎಂದು ಕಳಿಸಿದ್ದರು.

ಇಮಾಮುದ್ದೀನ ಟರ್ಪೆಂಟೈನ್ ಹಾಕಿ ಒರೆಸಿದ. ಮುಖ ಚೊಕ್ಕಾಯಿತು, ರುಮಾಲು ಚೊಕ್ಕಾಯಿತು. ಎದೆಗೆ ಬಂದಾಗ ಮಸಿಯ ಸಂಗಡ ಪಟ್ಟಿಯೂ ಎದ್ದು ಬಂತು, ಬಿಲ್ಲೆಯೂ ಬಂತು. ಅರಿವೆಯ ಮೇಲೆ ಹೊಗೆ, ಬಣ್ಣ ಎಲ್ಲ ಕಲಸಿ ಕೆಸರು. ಫೋಟೋದಲ್ಲಿ ಉಳಿದದ್ದು ಹೆಗಲಿನಿಂದ ಸೊಂಟದವರೆಗೆ ಓರೆಯಾದ ಒಂದು ಬಿಳಿ ಗೆರೆ, ಅದರ ನಡುವೆ ಒಂದು ಬಿಳಿ ಚುಕ್ಕೆ.

"ಮತ್ತ ಬರದ್ರಾತು, ಅದಕ್ಯಾಕ ಹಣಿ ಬಡಕೋತೀರಿ?" ಎಂದಳು ಹೆಂಡತಿ ಶಮೀಮಾಬಿ.

"ಬರೀತೀನಿ. ಯಾವ ಬಣ್ಣ?"

"ಅಯ್ಯ, ನನಗೇನ್ ಕೇಳ್ತೀರಿ? ಅಳಿಸಿದಾವ್ರು ನೀವು!"

ಮರುದಿನ ಮುಂಜಾನೆ ಫೋಟೋಕ್ಕೆ ಚಾದರ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ಗೌಡರ ಮನೆಗೆ ಹೋದ.

"ಹೋತಂದ್ರ?" ಎಂದರು ಗೌಡರು.

"ಒರಸಿದ್ನಿರಿ. ಹೋತ್ರಿ."

"ನಮ್ಮಜ್ಜನ ಮರ್ಯಾದಿ ಅರಿವಿಲೆ ಒರಸಿ ಒಗದ್ಯಲ್ಲೋ ಇಮಾಮಾ!"

"ಬರದು ಕೊಡ್ತೀನ್ರಿ ಗೌಡ್ರ. ಬಣ್ಣ ಒಂದು ಹೇಳ್ರಿ."

"ಅದನ್ನೇನ್ ಕೇಳ್ತಿ? ಕೆಂಪು. ಕುಂಕುಮದಂಥಾ ಕೆಂಪು."

"ಕೆಂಪೆಲ್ಲೀದು, ಹಸರು," ಎಂದರು ಗೌಡರ ಹೆಂಡತಿ ರೇವವ್ವ, ಅಡಿಗೆಮನೆಯ ಬಾಗಿಲಲ್ಲಿ ನಿಂತು. "ದಿನಾ ಊದಿನಕಡ್ಡಿ ಬೆಳಗಾಕಿ ನಾನು."

"ನೀ ಕಣ್ಣು ಮುಚ್ಚಿ ಬೆಳಗ್ತಿ."

"ನೀವು ಅದರ ಬುಡಕ ಕೂಡ್ತೀರಿ. ನಿಮಗ ಕಾಣೂದು ಬರೇ ಎದುರಿನ ಗ್ವಾಡಿ."

"ನೀಲಿ ಅಲ್ಲೇನ್ ಯವ್ವಾ?" ಎಂದಳು ನೀಲವ್ವ.

ಎತ್ತು ಕಟ್ಟಿ ಬಂದ ಆಳು ಮೈಲಾರಪ್ಪನನ್ನು ಕೇಳಿದರು. "ಪಟ್ಟಿ ಇತ್ತೇನ್ರಿ? ನಾ ಮೀಸಿ ಅಷ್ಟ ನೋಡೀನ್ರಿ," ಎಂದ.

ಇಷ್ಟು ಹೊತ್ತೂ ಗೌಡರ ತಾಯಿ ಗೌರಕ್ಕ ಮೂಲೆಯಲ್ಲಿ ಕೂತು ಎಲೆ-ಅಡಿಕೆ ಕುಟ್ಟುತ್ತಿದ್ದರು. "ಇಲ್ಲೆ ತಾರಪಾ ಅದನ್ನ," ಎಂದವರು ಬಿಳಿ ಗೆರೆಯ ಮೇಲೆ ಬೆರಳಾಡಿಸಿ ನಕ್ಕುಬಿಟ್ಟರು.

"ಇದು ನಮ್ಮತ್ತಿ ಮಡಚಿದ ಗೆರಿ. ಮಾವ ಹತ್ತಿ ಮಾರಾಕ ಹುಬ್ಬಳ್ಳಿಗೆ ಹೋದಾಗ ತಗಸಿದ ಫೋಟೋ. ಗಂಡನ ಮಾರಿ ಗ್ವಾಡಿಗೆ ಹಾಕ್ಕೊಂಡು ನೋಡೂದಂದ್ರ ಆಗ ಹೆಣ್ಮಕ್ಕಳಿಗೆ ನಾಚಿಕಿ. ಮೂಲಿಗೆ ಮೂಲಿ ಮಡಚಿ ಎಲಿ-ಅಡಿಕಿ ಸಂಚ್ಯಾಗ ಇಟ್ಕೊಂಡಿದ್ಲು. ಎಲಿ ತಗದಂಗ ಮಾಡಿ ನೋಡಾಕಿ, ಮತ್ತ ಒಳಗ ಇಡಾಕಿ. ಈಕಿ ಎಷ್ಟ್ ಎಲಿ ತಿಂತಾಳಪಾ ಅಂತಿದ್ರು ಮಂದಿ! ಈ ಚುಕ್ಕಿ ಸುಣ್ಣದ್ದು. ಮುಂದ ಫೋಟೋ ದೊಡ್ಡದು ಮಾಡಿಸಿದ್ರು, ಗೆರಿನೂ ದೊಡ್ಡದಾತು. ಅಲ್ಲಾಭಕ್ಷ ಶಾಣ್ಯಾ. ಗೆರಿ ಮ್ಯಾಲೆ ಪಟ್ಟಿ ಎಳದ, ಸುಣ್ಣದ ಮ್ಯಾಲೆ ಬಿಲ್ಲಿ ಕೂಡಿಸಿದ."

ಗೌಡರು ಬಗ್ಗಿ ಗೆರೆಯನ್ನು ತಾವೂ ಮುಟ್ಟಿ ನೋಡಿದರು. "ಮತ್ತ ಇಷ್ಟ್ ವರ್ಷ ಯಾಕ ಹೇಳ್ಲಿಲ್ಲಬೇ?"

"ನಮ್ಮತ್ತಿ ಇರೂತನಾ ಆಕೀದು ನಾಚಿಕಿ. ಆಮ್ಯಾಲೆ, ಅದರ ಬುಡಕ ಕೂತು ನೀ ಹೇಳೂದು ಕೇಳಾಕ ಚಂದ ಇತ್ತು."

"ಏನರ ಇರ್ಲಿ, ಬರಿಯೋ ಇಮಾಮಾ. ಕೆಂಪಂದ್ರ ಕೆಂಪು."

"ನಾಳಿಗೆ ಒಣಗೂದಿಲ್ರಿ. ಬೀಗರು ಮುಟ್ಟಿದ್ರ ನಿಮ್ಮಜ್ಜನ ಪಟ್ಟಿ ಅವರ ಕೈಯಾಗ ಬರತೈತಿ."

"ಹಂಗ ಹಾಕ್ರಿ," ಎಂದರು ಗೌರಕ್ಕ. "ಪಟ್ಟಿ ಇಲ್ಲಂದ್ರ ನಮ್ಮ ಮಾವ ಏನ್ ಬಿದ್ದು ಹೋಗೂದಿಲ್ಲ."

ಆ ದಿನ ಗೌಡರಿಗೆ ರೊಟ್ಟಿ ಸೇರಲಿಲ್ಲ.

ಗುರುವಾರ ಇಮಾಮುದ್ದೀನ ಸ್ಟೂಲಿನ ಮೇಲೆ ಹತ್ತಿ ಫೋಟೋ ಕೂರಿಸುತ್ತಿರುವಾಗಲೇ ಬಾಳನಗೌಡರು ಹೆಂಡತಿಯೊಂದಿಗೆ ಬಂದುಬಿಟ್ಟರು. ಕೈಕಾಲಿಗೆ ನೀರು ಕೊಟ್ಟದ್ದಾಯಿತು. ಅವರು ಸುದ್ದಿಯಂತೆಯೇ ಸೀದಾ ಗೋಡೆಯ ಹತ್ತಿರ ಹೋದರು.

"ಏನ್ರಿ ಇದು, ಗೆರಿ?"

ಗೌಡರು ಬಾಯಿ ತೆರೆದರು. ದನಿ ಸಣ್ಣದಾಗಿತ್ತು. ಗೌರಕ್ಕನೇ ಸಂಚಿಯ ಕತೆ ಹೇಳಿದರು. ಬಾಳನಗೌಡರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬಾಳನಗೌಡರು ನಗಲಿಲ್ಲ.

"ನಮ್ಮಜ್ಜಂದೂ ಐತ್ರಿ ಫೋಟೋ," ಎಂದರು. "ಅದಕ್ಕ ಪಟ್ಟಿ ಐತಿ. ಸರಕಾರ ಕೊಟ್ಟದ್ದು. ಮ್ಯಾಲೆ ಬಿಲ್ಲಿ, ನಕ್ಷತ್ರ ಇದ್ದಂಗ."

ಗೌಡರು ನೆಲ ನೋಡಿದರು. ಒಂದು ಕಪ್ಪು ಚಹಾ, ಆಮೇಲೆ ಇವರು ಎದ್ದರೆ ಮುಗಿಯಿತು.

"ಯಾರ್ ಬರದಾರ್ರಿ ಅದನ್ನ?" ಎಂದು ಕೇಳಿದರು ಗೌರಕ್ಕ, ತಣ್ಣಗೆ.

"ಗುಡಗೇರ್ಯಾಗ ಒಬ್ಬಾಂವ ಇದ್ದನಂತ್ರಿ, ಅಲ್ಲಾಭಕ್ಷ ಅಂತ. ಅಂಥಾ ಕೈ ಈಗಿಲ್ಲ ಬಿಡ್ರಿ."

ಇಮಾಮುದ್ದೀನ ಆಗಲೇ ಗಟ್ಟಿಯಾಗಿದ್ದ ಮೊಳೆಗೇ ಮತ್ತೆ ಎರಡು ಏಟು ಹಾಕಿದ. ಗೌಡರು ಮೆಲ್ಲಗೆ ತಲೆಯೆತ್ತಿದರು. ನಾಲಿಗೆಯ ತುದಿಗೆ ಮಾತು ಬಂದೇಬಿಟ್ಟಿತ್ತು. ಆದರೆ ಚಹಾದ ತಾಟು ಹಿಡಿದು ಬಂದ ನೀಲವ್ವ ಬಾಗಿಲಲ್ಲೇ ನಿಂತು ಅಪ್ಪನನ್ನು ನೋಡುತ್ತಿದ್ದಳು.

ಗೌಡರು ಆ ಮಾತನ್ನು ನುಂಗಿಕೊಂಡರು. "ಪಟ್ಟಿ ಬಂದ ಮನಿತಾನ ಅಂದ್ರ ಸಣ್ಣ ಮಾತಲ್ರಿ," ಎಂದರು. "ಯಾವ ಬಣ್ಣದ್ರಿ?"

"ಕೆಂಪು," ಎಂದರು ಬಾಳನಗೌಡರು.

"ಹಸರಲ್ಲೇನ್ರಿ?" ಎಂದರು ಅವರ ಹೆಂಡತಿ.

ರೇವವ್ವ ನಗು ತಡೆಯಲಾರದೆ ಅಡಿಗೆಮನೆಯೊಳಗೆ ಓಡಿದರು. ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು.

"ಯಾವದರ ಇರ್ಲಿ ಬಿಡ್ರಿ," ಎಂದರು ಗೌಡರು. ಈಗ ದನಿ ದಪ್ಪವೂ ಇರಲಿಲ್ಲ, ಸಣ್ಣದೂ ಇರಲಿಲ್ಲ. "ನಮ್ಮದು ಗೆರಿ ಮನಿತಾನ, ನಿಮ್ಮದು ಪಟ್ಟಿ ಮನಿತಾನ. ಎರಡೂ ಕೂಡಿದ್ರ ಅಗದಿ ಹೊಂದತೈತಿ ಅನಸ್ತೈತಿ ನನಗ."

ಬಾಳನಗೌಡರ ಮುಖ ಅರಳಿತು. ಕೂತರು. ನೀಲವ್ವನ ಕೈಯಿಂದ ಚಹಾ ತೆಗೆದುಕೊಂಡರು. ಅದು ಮುಗಿದ ಮೇಲೆ, "ಇನ್ನೊಂದು ಅರ್ಧ ಕಪ್ಪು ಹಾಕವ್ವಾ," ಎಂದರು.

ಮಾತು ಗಟ್ಟಿಯಾದದ್ದಕ್ಕೆ ಸಕ್ಕರೆ ಹಂಚಿ, ಬೀಗರನ್ನು ಬಸ್ಸಿಗೆ ಹತ್ತಿಸಿ ಬಂದ ಗೌಡರು, ಸೈಕಲ್ಲು ಹತ್ತುತ್ತಿದ್ದ ಇಮಾಮುದ್ದೀನನನ್ನು ಕಟ್ಟೆಯ ಬಳಿ ನಿಲ್ಲಿಸಿದರು.

"ಲೇ ಇಮಾಮಾ, ಲಗ್ನಕ್ಕ ಮೊದಲ ಅವ್ರೂ ಫೋಟೋ ಸ್ವಚ್ಛ ಮಾಡಸಾಕ ನಿನ್ನ ಕಡೇನ ತರ್ತಾರ."

"ತರ್ಲಿರಿ ಗೌಡ್ರ."

"ಒಣಾ ಅರಿವಿಲೆ ಒರಸು. ಟರ್ಪೆಂಟೈನ್ ಶೀಸೆ ಮುಟ್ಟೀದಿ ನೋಡು ಮತ್ತ!"