ಕಡ್ಡಿಯ ಪಾಲಿನ ಹಾಲು

ಆ ಮನೆಯಲ್ಲಿ ಬೆಳಗಿನ ಜಗಳ ಶುರುವಾಗುತ್ತಿದ್ದುದೇ ಹಾಲಿನಿಂದ. ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟ ಸದ್ದು ಕೇಳಿದರೆ ಸಾಕು, ನಾಲ್ಕು ವರ್ಷದ ಮಗು ಊಟದ ಮೇಜಿನ ಕೆಳಗೆ ಹೋಗಿ ಸೇರಿಕೊಳ್ಳುತ್ತಿತ್ತು. ಕೈಕಾಲು ಸಣ್ಣಗಿದ್ದುದರಿಂದ ಕಟ್ಟಡದ ಮಕ್ಕಳೆಲ್ಲ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಕರೆದೂ ಕರೆದೂ ಅದೇ ಹೆಸರಾಗಿ ನಿಂತಿತ್ತು. ಕಡ್ಡಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಆ ಹೆಸರು ಚುಚ್ಚುತ್ತಿದ್ದುದು ಅವಳ ಅಮ್ಮನಿಗೆ.

ಅಮ್ಮ ದೊಡ್ಡದೊಂದು ಲಾಂಡ್ರಿಯ ಇಸ್ತ್ರಿ ವಿಭಾಗದಲ್ಲಿ ಮೇಲ್ವಿಚಾರಕಿ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆ ರಾಶಿರಾಶಿಯಾಗಿ ಬಂದು ಬೀಳುವ ಜಾಗ ಅದು. ಹಬೆಯಲ್ಲಿ ನಿಂತು ನಿಂತು ಅವಳ ಮುಖ ಯಾವಾಗಲೂ ಕೆಂಪಗಿರುತ್ತಿತ್ತು. ಗಂಡ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನ ಬಂದು ಮಲಗಿಬಿಡುತ್ತಿದ್ದ. ಹಾಗಾಗಿ ಕಡ್ಡಿಯನ್ನು ನೋಡಿಕೊಳ್ಳಲು ಅವಳು ತನ್ನ ತಾಯಿಯನ್ನೇ ಕರೆಸಿಕೊಂಡಿದ್ದಳು. ಅಜ್ಜಿ ಅಲ್ಲಿಯವರೆಗೆ ಮಗನ ಮನೆಯಲ್ಲಿದ್ದಳು. ಮಗಳು ಕರೆದಿದ್ದಾಳೆ ಎಂದಾಗ ಸೊಸೆ ಎರಡು ಮಾತಿಲ್ಲದೆ ಅತ್ತೆಯ ಬಟ್ಟೆಗಳನ್ನು ತಾನೇ ಮಡಿಸಿ ಚೀಲಕ್ಕೆ ತುಂಬಿಕೊಟ್ಟಿದ್ದಳು.

ಹಾಲಿನ ವಿಷಯದಲ್ಲಿ ಅಜ್ಜಿಯ ಈ ಮಗಳು ಮಾಡದ ಉಪಾಯವಿರಲಿಲ್ಲ. ಕರಡಿ ಚಿತ್ರದ ಲೋಟ ತಂದಳು, ಬಣ್ಣದ ಸ್ಟ್ರಾ ತಂದಳು, ಕೋಕೋ ಪುಡಿ ಕದಡಿದಳು, ಜೇನು ಬೆರೆಸಿದಳು. ಮುದ್ದು ಮಾಡಿದಳು, ಗದರಿಸಿದಳು.

"ಕುಡೀದಿದ್ರೆ ಪೊಲೀಸ್ ಬರ್ತಾನೆ ನೋಡು."

"ಬರ್ಲಿ. ಅವನಿಗೇ ಕೊಡು," ಎಂದು ಮೇಜಿನ ಕೆಳಗಿನಿಂದ ಉತ್ತರ ಬರುತ್ತಿತ್ತು.

ಮೂಗು ಹಿಡಿದು ಬಾಯಿಗೆ ಸುರಿದರೂ ಕಡ್ಡಿ ನುಂಗುತ್ತಿರಲಿಲ್ಲ. ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತಾ ಹಾಗೇ ಕೂತಿರುತ್ತಿದ್ದಳು. ಬಸ್ಸಿನ ಹೊತ್ತಾದಂತೆ ಮಗಳ ದನಿ ಏರುತ್ತಿತ್ತು. ಕೊನೆಗೊಂದು ಏಟು. ಆಗ ಬಾಯಲ್ಲಿದ್ದ ಹಾಲಷ್ಟೂ ಅಮ್ಮನ ಯೂನಿಫಾರ್ಮಿನ ಮೇಲೆ. ಊರಿನವರ ಬಟ್ಟೆಗೆಲ್ಲ ಇಸ್ತ್ರಿ ಮಾಡಿಸುವವಳು ತಾನು ಮಾತ್ರ ಎದೆ ಮೇಲೆ ಹಾಲಿನ ಕಲೆ ಹೊತ್ತುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಒಂದು ದಿನ ಅವಳು ಸೋತು ಲೋಟವನ್ನು ತಾಯಿಯ ಕೈಗೆ ಕೊಟ್ಟಳು. "ನನ್ನ ಕೈಲಾಗಲ್ಲಮ್ಮ. ನೀನಾದ್ರೂ ಕುಡಿಸು. ಅರ್ಧ ಆದ್ರೂ ಸರಿ."

ಮಗಳು ಹೋದ ಮೇಲೆ ಅಜ್ಜಿ ಕಥೆ ಹೇಳಿದಳು, ಕುಣಿಸಿದಳು, ಕಾಡಿ ಬೇಡಿದಳು. ಕಡ್ಡಿ ಒಂದು ಗುಟುಕು ಕುಡಿದು ಅಷ್ಟನ್ನೂ ವಾಂತಿ ಮಾಡಿಕೊಂಡಳು. ನೆಲ ಒರೆಸಿ, ಮಗುವಿನ ಮುಖ ತೊಳೆಸಿ ಬಂದಾಗ ಲೋಟದಲ್ಲಿ ಹಾಲು ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಸಿಂಕಿಗೆ ಸುರಿಯಲೆಂದು ಅಜ್ಜಿ ಲೋಟ ಬಗ್ಗಿಸಿದಳು. ಕೈ ಬರಲಿಲ್ಲ. ಹಾಲು ಚೆಲ್ಲಿ ಗೊತ್ತಿದ್ದ ಕೈ ಅಲ್ಲ ಅದು. ಹಾಳಾಗುವುದಕ್ಕಿಂತ ಎಂದುಕೊಂಡು ಅಲ್ಲೇ ನಿಂತು ಕುಡಿದಳು.

ಅಷ್ಟು ವಯಸ್ಸಾದರೂ ಅವಳು ಸಕ್ಕರೆ ಹಾಕಿದ ಒಂದು ಲೋಟ ಹಾಲನ್ನು ಇಡಿಯಾಗಿ ಕುಡಿದದ್ದು ನೆನಪಿರಲಿಲ್ಲ. ತವರಿನಲ್ಲಿ ಅದು ಅಣ್ಣಂದಿರಿಗೆ. ಆಮೇಲೆ ಗಂಡನಿಗೆ, ಆಮೇಲೆ ಮಗನಿಗೆ. ಅವಳ ಪಾಲಿಗೆ ಬರುತ್ತಿದ್ದುದು ಚಹಾದ ಬಣ್ಣ ತಿರುಗುವಷ್ಟು. ತುಟಿಗೆ ಅಂಟಿದ ಕೆನೆಯನ್ನು ನಾಲಿಗೆಯಿಂದ ತೆಗೆದುಕೊಂಡು ತಿರುಗಿದರೆ ಬಾಗಿಲಲ್ಲಿ ಕಡ್ಡಿ ನಿಂತಿದ್ದಳು.

"ಚೆನ್ನಾಗಿದ್ಯಾ ಅಜ್ಜಿ?"

"ಹೂಂ."

"ಹಾಗಾದ್ರೆ ದಿನಾ ನೀನೇ ಕುಡಿ," ಎಂದಳು ಕಡ್ಡಿ, ತನಗೆ ಬೇಡವಾದ ಆಟಿಕೆ ಕೊಟ್ಟಷ್ಟು ಸಲೀಸಾಗಿ.

ಸಂಜೆ ಮಗಳು ಬಂದವಳೇ ಕೇಳಿದಳು. ಅಜ್ಜಿ ಬಾಯಿ ತೆರೆಯುವ ಮೊದಲೇ ಕಡ್ಡಿ ಹೇಳಿದಳು: "ಲೋಟ ಖಾಲಿ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಗಳು ಚಪ್ಪಲಿಯನ್ನೂ ಬಿಡದೆ ಮಗುವನ್ನು ಎತ್ತಿಕೊಂಡು ಮುದ್ದಾಡಿದಳು. "ನನ್ನ ಜಾಣೆ, ನನ್ನ ಬಂಗಾರ." ಅಷ್ಟು ಹಗುರಾದ ಮುಖ ಅಜ್ಜಿ ಎಷ್ಟೋ ಕಾಲದಿಂದ ನೋಡಿರಲಿಲ್ಲ. ಹೇಳಬೇಕಾದ ಮಾತು ಅಲ್ಲೇ ಉಳಿಯಿತು.

ಹೀಗೆ ಅದು ಅಭ್ಯಾಸವಾಯಿತು. ಮಗಳು ಮನೆಯಲ್ಲಿರುವಾಗ ಅಜ್ಜಿ ಕಡ್ಡಿಯನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಒಗೆದ ಬಟ್ಟೆಗಳ ಮರೆಯಲ್ಲಿ ತಾನು ಕುಡಿದು, ಬೆರಳಿಗೆ ನೊರೆ ಹಚ್ಚಿ ಮಗುವಿನ ಮೇಲ್ದುಟಿಗೆ ಮೀಸೆ ಬರೆದು ಕಳಿಸುತ್ತಿದ್ದಳು. ಕಡ್ಡಿಗೆ ಆ ಮೀಸೆಯೇ ಆಟ. ಮಗಳ ಖುಷಿಗೆ ಮಿತಿಯಿರಲಿಲ್ಲ. ಲಾಂಡ್ರಿಯಲ್ಲಿ ಜೊತೆಯವರ ಮುಂದೆ ಹೊಗಳಿಕೊಂಡಳು: "ನಮ್ಮಮ್ಮನ ಕೈಲಿ ಏನಿದ್ಯೋ, ಒಂದೇ ಸಲ ಗಟಗಟ ಕುಡಿಸ್ತಾಳೆ." ಲೋಟ ದೊಡ್ಡದಾಯಿತು. ಗಟ್ಟಿ ಹಾಲಿನ ಪ್ಯಾಕೆಟ್ ಬಂತು. ಸಂಜೆಗೂ ಒಂದು ಲೋಟ ಸೇರಿತು, ಅದಕ್ಕೆ ಬಾದಾಮಿ ಅರೆದು ಹಾಕಿದ್ದಾಯಿತು.

ಅಜ್ಜಿಗೆ ಮೊದಮೊದಲು ಅಳುಕಿತ್ತು. ಬರಬರುತ್ತಾ ಅದು ಸವೆಯಿತು. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಆ ರುಚಿಯನ್ನು ಕೇಳುತ್ತಿತ್ತು. ಗುಳಿಬಿದ್ದ ಕೆನ್ನೆ ತುಂಬಿತು, ಮಹಡಿ ಹತ್ತುವಾಗ ಮಂಡಿ ಹಿಡಿದುಕೊಳ್ಳುವುದು ನಿಂತಿತು.

"ಅತ್ತೆಗೆ ನಮ್ಮನೆ ಗಾಳಿ ಹಿಡಿಸಿದೆ," ಎಂದು ಅಳಿಯ ಒಂದು ಭಾನುವಾರ ನಕ್ಕ.

"ವಯಸ್ಸಾದ ಮೇಲೆ ಮೈ ಊದುತ್ತಪ್ಪಾ," ಎಂದು ಅಜ್ಜಿ ಒಳಗೆ ಹೋದಳು.

ಕಡ್ಡಿ ಮಾತ್ರ ಕಡ್ಡಿಯಾಗಿಯೇ ಇದ್ದಳು. ಹೊಸ ಅಂಗಿ ಹೊಲಿಸಲು ಹೋದಾಗ ದರ್ಜಿ ಹಳೆಯ ಅಳತೆಯೇ ಸಾಕು ಎಂದ. ಮಗಳಿಗೆ ದಿಗಿಲಾಯಿತು. ಅರ್ಧ ದಿನ ರಜೆ ಹಾಕಿ, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದಳು.

ಡಾಕ್ಟರಮ್ಮ ಮಗುವನ್ನು ತೂಗಿದರು, ಹೊಟ್ಟೆ ಒತ್ತಿ ನೋಡಿದರು, ಏನು ತಿನ್ನುತ್ತಾಳೆ ಎಂದು ಕೇಳಿದರು. ಮಗಳು ಹೆಮ್ಮೆಯಿಂದಲೇ ಹೇಳಿದಳು: "ದಿನಕ್ಕೆ ಎರಡು ದೊಡ್ಡ ಲೋಟ ಹಾಲು ಕುಡೀತಾಳೆ ಡಾಕ್ಟ್ರೇ, ಬಾದಾಮಿ ಹಾಕಿ." ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಅಷ್ಟು ಕುಡಿದೂ ಮೈಗೆ ಹತ್ತುತ್ತಿಲ್ಲವೆಂದರೆ ಕರುಳಿನಲ್ಲಿ ಏನೋ ತೊಂದರೆ ಇರಬಹುದು. ಮೊದಲು ರಕ್ತ ಪರೀಕ್ಷೆ, ಅದರಲ್ಲಿ ಗೊತ್ತಾಗದಿದ್ದರೆ ಮಂಪರು ಕೊಟ್ಟು ಗಂಟಲೊಳಗೆ ನಳಿಗೆ ಇಳಿಸಿ ನೋಡಬೇಕಾಗುತ್ತದೆ ಎಂದರು.

ಈಗ ಹೇಳಬೇಕು ಎಂದುಕೊಂಡಳು ಅಜ್ಜಿ. ಡಾಕ್ಟರಮ್ಮ ಬರೆಯುತ್ತಿದ್ದರು, ಮಗಳು ಕೇಳುತ್ತಿದ್ದಳು, ಯಾರೂ ಅವಳ ಕಡೆ ನೋಡಲಿಲ್ಲ. ರಕ್ತ ತಾನೇ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತೆ ಎಂದು ಸುಮ್ಮನಾದಳು.

ಪಕ್ಕದ ಕೋಣೆಯಲ್ಲಿ ನರ್ಸ್ ಕಡ್ಡಿಯ ತೋಳಿಗೆ ಪಟ್ಟಿ ಬಿಗಿದಳು. ಮಗುವಿನ ಕಾಲನ್ನು ಮಗಳು ಹಿಡಿದಳು, ಕೈಯನ್ನು ಅಜ್ಜಿ ಹಿಡಿದಳು. ಸೂಜಿ ಕಂಡದ್ದೇ ತಡ ಕಡ್ಡಿ ಕಿರುಚಿದಳು.

"ನಂಗ್ಯಾಕೆ ಚುಚ್ತೀರಾ? ನಾನು ಕುಡಿದೇ ಇಲ್ಲ. ಹಾಲೆಲ್ಲ ಅಜ್ಜಿ ಕುಡಿದಿದ್ದು. ಅಜ್ಜಿಗೆ ಚುಚ್ಚಿ."

ನರ್ಸ್ ನಕ್ಕುಬಿಟ್ಟಳು. "ಇವಳು ಲಾಯರೇ ಆಗೋದು ನೋಡಿ." ಮಗಳೂ ನಕ್ಕಳು. ಅಜ್ಜಿಯೂ ನಕ್ಕಳು, ಸ್ವಲ್ಪ ಜೋರಾಗಿಯೇ. ನಗುತ್ತಾ ಆ ಪುಟ್ಟ ಕೈ ಅಲ್ಲಾಡದ ಹಾಗೆ ಗಟ್ಟಿಯಾಗಿ ಒತ್ತಿ ಹಿಡಿದಳು. ರಕ್ತನಾಳ ಸಣ್ಣದು, ನರ್ಸಿಗೆ ಮೊದಲ ಸಲ ಸಿಗಲಿಲ್ಲ, ಇನ್ನೊಂದು ಕಡೆ ಚುಚ್ಚಿದಳು. ಕಡ್ಡಿ ಅಜ್ಜಿಯ ಮುಖವನ್ನೇ ನೋಡುತ್ತಾ ಅತ್ತಳು. ಆ ನೋಟ ಎಲ್ಲಿಗೆ ಹೋಗುತ್ತಿದೆ ಎಂದು ಮಗಳು ತಲೆ ಎತ್ತಿದಳು. ತಾಯಿಯ ತುಟಿ ಇನ್ನೂ ನಗುತ್ತಿತ್ತು, ಕಣ್ಣು ನೆಲ ನೋಡುತ್ತಿತ್ತು. ಮಗಳ ನಗು ನಿಂತಿತು.

ಬಸ್ಸಿನಲ್ಲಿ ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕುಳಿತಳು. ಪಕ್ಕದ ಸೀಟು ಖಾಲಿಯಿತ್ತು. ಅಜ್ಜಿ ಹಿಂದಿನ ಸೀಟಿನಲ್ಲಿ ಕೂತಳು.

ಮನೆಗೆ ಬಂದಾಗ ಅಳಿಯ ಒಳಕೋಣೆಯಲ್ಲಿ ಮಲಗಿದ್ದ. ಕಡ್ಡಿಯೂ ಅತ್ತು ಸುಸ್ತಾಗಿ ಅಪ್ಪನ ಪಕ್ಕ ನಿದ್ದೆಹೋದಳು. ಮಗಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು.

"ಮಗು ಹೇಳಿದ್ದು ನಿಜಾನಾ?"

ಅಜ್ಜಿ ಸಿಂಕಿನ ಅಂಚನ್ನು ಒರೆಸುತ್ತಿದ್ದಳು.

"ನಿನ್ನೇ ಕೇಳ್ತಿರೋದು ಅಮ್ಮ. ನಿಜಾನಾ?"

"ವಾಂತಿ ಮಾಡ್ಕೋತಿತ್ತು ಕಣೇ. ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

"ಒಂದಿನ ಚೆಲ್ಲೋಕೆ ಮನಸ್ಸು ಬರ್ಲಿಲ್ಲ, ಸರಿ. ಆಮೇಲೆ?"

ಅಜ್ಜಿ ಒರೆಸಿದ ಅಂಚನ್ನೇ ಮತ್ತೆ ಒರೆಸಿದಳು.

"ಬಾದಾಮಿ ಬೇರೆ ಅರೆದು ಹಾಕ್ತಿದ್ದೆ ನಾನು. ಕೆಲಸದಿಂದ ಬಂದು, ಕಾಲು ನೋಯ್ತಿದ್ರೂ ನಿಂತ್ಕೊಂಡು. ಹಾಲು ಬೇಕು ಅಂತ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಕೇಳಿ ಅಭ್ಯಾಸ ಇಲ್ಲ ನಂಗೆ."

"ಅಭ್ಯಾಸ," ಎಂದಳು ಮಗಳು. ಆಮೇಲೆ ಹೇಳಿದ್ದು ಬೇರೆಯೇ ಮಾತು. "ಚಿಕ್ಕವಳಿದ್ದಾಗ ತಮ್ಮನಿಗೆ ಹಾಲು ಹಾಕಿ, ಆ ಪಾತ್ರೆಗೆ ನೀರು ಸುರಿದು ಅಲ್ಲಾಡಿಸಿ ನಂಗೆ ಕೊಡ್ತಿದ್ದೆ, ನೆನಪಿದ್ಯಾ? ಅದೇ ಹಾಲು ಅಂದ್ಕೊಂಡಿದ್ದೆ ನಾನು. ಒಂದ್ಸಲ ಸ್ನೇಹಿತೆ ಮನೇಲಿ ಕೊಟ್ರು. ಇದೇನು ಇಷ್ಟು ದಪ್ಪ ಇದೆ, ಕೆಟ್ಟಿದೆ ಅಂತ ಉಗಿದುಬಿಟ್ಟೆ. ಅವರೆಲ್ಲ ನಕ್ರು."

"ಇದ್ದಿದ್ದೇ ಅಷ್ಟು. ನಾನು ಆ ನೀರನ್ನೂ ಕುಡೀಲಿಲ್ಲ."

"ಅದಕ್ಕೆ ಈಗ ಎಲ್ಲಾ ಸೇರಿಸಿ ಕುಡಿದ್ಯಾ? ಆವತ್ತು ನನ್ನ ಪಾಲು ಅವನಿಗೆ ಹೋಯ್ತು. ಇವತ್ತು ನನ್ನ ಮಗಳ ಪಾಲು ನಿಂಗೆ. ಅವಳಿಗೆ ಎರಡು ಕಡೆ ಚುಚ್ಚಿದ್ರು. ಕೈ ಹಿಡ್ಕೊಂಡು ನಿಂತಿದ್ದೆ ನೀನು. ನಗ್ತಿದ್ದೆ."

ಉಳಿದದ್ದಕ್ಕೆಲ್ಲ ಅಜ್ಜಿ ಒಂದಿಷ್ಟು ಸಮಜಾಯಿಷಿ ಹುಡುಕಿಕೊಳ್ಳಬಹುದಿತ್ತು, ಆ ನಗುವಿಗೆ ಮಾತ್ರ ಇಲ್ಲ.

ಎರಡು ದಿನ ಬಿಟ್ಟು ಡಾಕ್ಟರಮ್ಮನಿಗೆ ಮಗಳು ಫೋನಿನಲ್ಲಿ ಇದ್ದ ವಿಷಯ ಹೇಳಿದಳು. ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ರಕ್ತದಲ್ಲಿ ದೋಷವೇನೂ ಇರಲಿಲ್ಲ. ಬೇರೆ ಪರೀಕ್ಷೆ ಬೇಡ, ಮಗುವಿನ ಮೈಕಟ್ಟೇ ಹಾಗೆ, ಹಾಲು ಸೇರದಿದ್ದರೆ ಬಲವಂತ ಮಾಡಬೇಡಿ, ಮೊಟ್ಟೆ ಕೊಡಿ, ಮೊಸರು ಕೊಡಿ, ಬೇಳೆ ಬೇಯಿಸಿ ಕೊಡಿ ಎಂದರು ಡಾಕ್ಟರಮ್ಮ. ಕಡ್ಡಿ ಬೇಯಿಸಿದ ಮೊಟ್ಟೆಯನ್ನು ತಾನೇ ಸುಲಿದುಕೊಂಡು ತಿಂದಳು. ಅಷ್ಟಕ್ಕೇ ಮುಗಿದಿತ್ತು ಆ ಸಮಸ್ಯೆ.

ಆದರೆ ಮರುದಿನ ಬೆಳಿಗ್ಗೆಯೂ ಮಗಳು ಹಾಲು ಕಾಯಿಸಿದಳು. ದೊಡ್ಡ ಲೋಟಕ್ಕೆ ಬಗ್ಗಿಸಿ, ಸಕ್ಕರೆ ಹಾಕಿ, ಬಾದಾಮಿ ಕದಡಿ ತಾಯಿಯ ಮುಂದೆ ತಂದಿಟ್ಟಳು.

"ಕುಡಿ."

"ಬೇಡ ಬಿಡೇ."

"ಕದ್ದು ಕುಡಿಯೋದು ಬೇಡ. ನನ್ನ ಮುಂದೇನೇ ಕುಡಿ."

ಅಜ್ಜಿ ಮುಟ್ಟಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಕಾದು, ಮಗಳು ಲೋಟ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದಳು. ನಿಧಾನವಾಗಿ, ಅಮ್ಮನಿಗೆ ಕಾಣುವ ಹಾಗೆ. ಅದರ ಮರುದಿನವೂ ಹಾಗೇ ಆಯಿತು, ಅದರಾಚೆಯ ದಿನವೂ. ಮೇಜಿನ ಇನ್ನೊಂದು ತುದಿಯಲ್ಲಿ ಮೊಟ್ಟೆ ತಿನ್ನುತ್ತಾ ಕೂತ ಕಡ್ಡಿ ಅವರಿಬ್ಬರನ್ನೂ ನೋಡುತ್ತಿದ್ದಳು. ಈಗ ಮೇಜಿನ ಕೆಳಗೆ ಅವಿತುಕೊಳ್ಳುವ ಅಗತ್ಯ ಅವಳಿಗಿರಲಿಲ್ಲ.

ಅಳಿಯನಿಗೆ ವಿಷಯ ತಿಳಿದು ಅವನು ಹೆಂಡತಿಗೆ ಹೇಳಿ ನೋಡಿದ. "ವಯಸ್ಸಾದವರು, ಏನೋ ಆಸೆಪಟ್ರು. ಬಿಟ್ಟುಬಿಡೇ."

"ನಿಮಗೆ ಗೊತ್ತಾಗಲ್ಲ," ಎಂದಳು ಅವಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಅಜ್ಜಿ ಮಗನಿಗೆ ಫೋನ್ ಮಾಡಿದಳು. ಕಾರಣ ಹೇಳದೆ, ಅಲ್ಲಿಗೆ ಬಂದುಬಿಡಲೇ ಎಂದು ಕೇಳಿದಳು. ಮಗ ಗಂಟಲು ಸರಿಮಾಡಿಕೊಂಡ. "ಈಗ ಸ್ವಲ್ಪ ಕಷ್ಟ ಅಮ್ಮ. ಆ ರೂಮಲ್ಲಿ ಸಾಮಾನು ಇಟ್ಟಿದ್ದೀವಿ. ನೋಡೋಣ." ಅವನ ಪಾಲಿನ ಹಾಲಿಗೆಂದು ತಾನು ಏನೇನು ಬಿಟ್ಟೆ ಎನ್ನುವುದು ಅಜ್ಜಿಗೆ ಫೋನ್ ಕೆಳಗಿಟ್ಟ ಮೇಲೆ ನೆನಪಾಯಿತು. ಹೇಳಿಕೊಳ್ಳಲು ಯಾರಿದ್ದರು? ಕೇಳಬೇಕಾದ ಮಗಳಿಗೆ ಅದು ಮೊದಲೇ ಗೊತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಅವಳು ಲೋಟ ಎತ್ತಿಕೊಂಡಳು. ಇನ್ನೊಂದು ದಿನ ಹಾಲು ಸಿಂಕಿಗೆ ಬೀಳುವುದನ್ನು ನೋಡಲಾರದೆ ಕುಡಿದಳು. ಮಗಳು ಎದುರಿನ ಕುರ್ಚಿಯಲ್ಲಿ ಕೂತು, ತಳ ಕಾಣುವವರೆಗೆ ನೋಡಿದಳು. ಆಮೇಲೆ ಲೋಟ ತೊಳೆದು ಬೋರಲು ಹಾಕಿ, ಕೈಚೀಲ ತೆಗೆದುಕೊಂಡು ಕೆಲಸಕ್ಕೆ ಹೋದಳು. ಅದೇ ಹಾಲು, ಅದೇ ಸಕ್ಕರೆ. ಅಜ್ಜಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದಳು. ಅಂದಿನಿಂದ ದಿನವೂ ಕುಡಿದಳು. ತಾಯಿ ಮಗಳ ನಡುವೆ ಬೇರೆ ಮಾತೆಲ್ಲ ಕಡಿಮೆಯಾಯಿತು. ಉಪ್ಪು ಎಲ್ಲಿದೆ, ಮಗು ಮಲಗಿತೇ, ಬಾಗಿಲು ಹಾಕಿಕೋ, ಇಷ್ಟೇ.

ಕಡ್ಡಿ ಶಾಲೆಗೆ ಸೇರಿದಳು. ಸಂಜೆಯವರೆಗೆ ಅಲ್ಲೇ ನೋಡಿಕೊಳ್ಳುತ್ತಿದ್ದರು. ಆ ಭಾನುವಾರ ಮಗಳು ಬಟ್ಟೆ ಮಡಿಸುತ್ತಾ, ತಲೆ ಎತ್ತದೆ, "ಇನ್ನು ತಮ್ಮನ ಮನೇಲಿ ಇರಬಹುದಲ್ವಾ ನೀನು. ನಾನೇ ಮಾತಾಡಿದ್ದೀನಿ," ಎಂದಳು. ಏನು ಮಾತಾಡಿದಳೋ, ಮಗ ಸಾಮಾನಿನ ಕೋಣೆ ಖಾಲಿ ಮಾಡಿಸಿ ಬಂದು ಕರೆದುಕೊಂಡು ಹೋದ. ಹೊರಡುವಾಗ ಕಡ್ಡಿ ಕಾಲಿಗೆ ಸುತ್ತಿಕೊಂಡು ಅತ್ತಳು. ಮಗಳು ಮಗುವನ್ನು ಬಿಡಿಸಿ ಎತ್ತಿಕೊಂಡಳು. "ಹುಷಾರು," ಎಂದಳು. ಅಷ್ಟು ಹೇಳುವಾಗ ಅವಳ ದನಿ ಒಡೆದದ್ದು ಅಜ್ಜಿಗೆ ಕೇಳಿಸಿತು. ಇಬ್ಬರೂ ಕೇಳಿಸದವರ ಹಾಗಿದ್ದರು.

ಮಗನ ಮನೆಯಲ್ಲಿ ಮೊದಲ ಬೆಳಿಗ್ಗೆ ಸೊಸೆ ಚಹಾ ಸೋಸುತ್ತಾ ಪ್ಯಾಕೆಟ್ ಕೈಗೆತ್ತಿಕೊಂಡು ಕೇಳಿದಳು, "ಅತ್ತೆ, ಹಾಲು ಇಷ್ಟು ಸಾಕಾ?"

"ಬೇಡಮ್ಮ. ಹಾಲು ನಂಗೆ ಆಗಿಬರಲ್ಲ."

"ಹೌದಾ? ಮೊದಲೇ ಹೇಳೋದಲ್ವಾ. ಇಷ್ಟು ವರ್ಷ ಸುಮ್ನೆ ಹಾಕ್ತಿದ್ದೆ," ಎಂದು ಸೊಸೆ ಪ್ಯಾಕೆಟ್ಟನ್ನು ತಿರುಗಿ ಫ್ರಿಜ್ಜಿನಲ್ಲಿಟ್ಟು ಬಾಗಿಲು ಮುಚ್ಚಿದಳು.